ರಾಜರು ಇಳಿದ ಸ್ಟೇಷನ್

ಹಳಿ ಕಿತ್ತು ಎಷ್ಟೋ ವರ್ಷಗಳಾಗಿದ್ದವು. ಪಾಳು ಬಿದ್ದ ಸ್ಟೇಷನ್ನಿನಲ್ಲಿ ಫಕ್ಕೀರಪ್ಪ, ನೀಲವ್ವ ಸಂಸಾರ ಹೂಡಿದ್ದರು. ಟಿಕೆಟ್ ಕೊಡುತ್ತಿದ್ದ ಕೋಣೆಯಲ್ಲಿ ಒಲೆ, ಪ್ಲಾಟ್‌ಫಾರ್ಮಿನ ಮೇಲೆ ಎಮ್ಮೆ. ಅದು ಬಿಟ್ಟರೆ ಅವರಿಗೆ ಬೇರೆ ಸೂರಿರಲಿಲ್ಲ. ಒಂದು ಬೆಳಿಗ್ಗೆ ಸರ್ಕಾರಿ ಸಾಹೇಬರೊಬ್ಬರು ಬಂದು, ಕಟ್ಟಡ ಕೆಡವುವುದಿದೆ ಎಂದು ಟೇಪು ಹಿಡಿದು ಗೋಡೆ ಅಳೆಯತೊಡಗಿದರು.

“ಇದನ್ನ ಕೆಡವ್ತೀರಾ?” ಫಕ್ಕೀರಪ್ಪ ನಕ್ಕ. “ಸಾಹೇಬ್ರ, ಮಹಾರಾಜ್ರು ಇಳಿದ ಸ್ಟೇಷನ್ ಇದು! ನಮ್ಮ ಬಾವಿ ನೀರು ಕುಡದು ಇಂಜಿನ್ನು ಮುಂದಕ್ಕ ಹೋಗಾಕ ಒಲ್ಲೆ ಅಂತು. ರಾಜ್ರು ವಾರಗಟ್ಟಲೆ ಇದ ಕೋಣ್ಯಾಗ ಮಲಗಿದ್ರು.”

“ಸುಮ್ಕಿರ್ರೀ, ಬಾಯಿಗೆ ಬಂದಂಗ ಬಡಬಡಿಸಬ್ಯಾಡ್ರಿ,” ಎಂದು ನೀಲವ್ವ ಗಂಡನ ಅಂಗಿ ಎಳೆದಳು.

ಸಾಹೇಬರು ಅಳೆಯುವುದನ್ನು ನಿಲ್ಲಿಸಿ ಆಕೆಯತ್ತ ತಿರುಗಿದರು. “ಖರೇ ಏನವ್ವಾ?”

ಆಕೆ ಒಮ್ಮೆ ಒಲೆಯ ಕಡೆ ನೋಡಿದಳು. “ಹೌದ್ರಿ. ನಮ್ಮ ಅತ್ತೀನೇ ರೊಟ್ಟಿ ಬಡದು ಹಾಕಿದ್ರು. ಎಂಟು ರೊಟ್ಟಿ ತಿಂದು ಮತ್ತ ಚಟ್ನಿ ಕೇಳಿದ್ರಂತ ರಾಜ್ರು.”

ಸಾಹೇಬರು ಫೋನು ಹಿಡಿದು ಬೇವಿನ ಮರದ ಕೆಳಗೆ ಹೋದರು. ಗಂಡ ಹೆಂಡತಿ ಕೂರಲಾರದೆ, ನಿಲ್ಲಲಾರದೆ ಎಮ್ಮೆಯ ಸುತ್ತಲೇ ತಿರುಗಾಡಿದರು.

“ಕೆಡವೂದಿಲ್ಲ!” ಸಾಹೇಬರು ಖುಷಿಯಿಂದ ವಾಪಸು ಬಂದರು. “ಇಂಥಾ ಇತಿಹಾಸದ ಕಟ್ಟಡ ಉಳಿಸಬೇಕು ಅಂದ್ರು ಮ್ಯಾಲಿನವ್ರು.”

“ನಾ ಹೇಳಿದ್ದಿಲ್ಲೇನ?” ಫಕ್ಕೀರಪ್ಪ ಹೆಂಡತಿಯ ಮುಂದೆ ಮೀಸೆ ತಿರುವಿದ.

“ಕೆಡವಿದ್ರ ನಿಮಗ ಊರಾಗ ಒಂದು ಮನಿ ಕಟ್ಟಿ ಕೊಡಬೇಕಿತ್ತು, ಆ ಖರ್ಚೂ ಉಳೀತು,” ಎಂದರು ಸಾಹೇಬರು. “ನಾಳೆ ಎಮ್ಮಿ ಹೊಡ್ಕೊಂಡು ಹೊರಗ ನಡೀರಿ, ರಾಜ್ರು ಮಲಗಿದ ಕೋಣ್ಯಾಗ ಇನ್ನ ಯಾರೂ ಒಲಿ ಹಚ್ಚಂಗಿಲ್ಲ.”