ತಿರುವಿನ ಪಕ್ಕದ ಜಾಗ

ನೋಡುವವರಿಲ್ಲದೆ ಹಾಳುಬಿದ್ದಿದ್ದ ಸೈಕಲ್ ಟ್ರ್ಯಾಕಿಗೆ ಮತ್ತೆ ಜನ ಮುಗಿಬೀಳತೊಡಗಿದ್ದು ಗುರುಬಾಯಿಯ ಮಗಳು ರೇಸಿನ ನಡುವೆ ಕಡಿದಾದ ತಿರುವಿನಲ್ಲಿ ಬಿದ್ದು ಸತ್ತ ಮೇಲೆ. ಆ ವಿಡಿಯೊ ಊರೂರು ಸುತ್ತಿತ್ತು. ರೇಸ್ ನಡೆಸುವ ಮಲಗೌಡ ಈಗ ಚಪ್ಪಾಳೆ ಕೇಳಿದರೂ ಮುಖ ತಿರುಗಿಸಿಬಿಡುತ್ತಿದ್ದ. ಗುರುಬಾಯಿ ಮಾತ್ರ ಒಂದು ರೇಸನ್ನೂ ತಪ್ಪಿಸದೆ ಬಂದು, ಅದೇ ತಿರುವಿನ ಪಕ್ಕ ಕೂರುತ್ತಿದ್ದಳು.

ಒಂದು ಸಂಜೆ ಜನ ಚದುರಿದ ಮೇಲೆ ಅವನು ಆಕೆಯ ಕಾಲು ಹಿಡಿದುಬಿಟ್ಟ.

"ಯಕ್ಕಾ, ನಿನ್ನ ಮಾರಿ ನೋಡಾಕ ಆಗವಲ್ದು. ಇನ್ನ ಈ ರೇಸ್ ಬಂದ್ ಮಾಡಿಬಿಡ್ತೀನಿ."

ಆಕೆ ಅವನ ತಲೆ ಸವರಿದಳು.

"ಬಂದ್ ಮಾಡಬ್ಯಾಡ ತಮ್ಮಾ," ಎಂದಳು ಮೆಲ್ಲಗೆ. "ನಿನ್ನ ಮಗಳೂ ಇಲ್ಲೇ ಸೈಕಲ್ ಹೊಡೀತಾಳಲ್ಲ. ಆಕಿ ಇನ್ನಾ ಬಿದ್ದಿಲ್ಲ."