ಕೆರೆ ದಂಡೆಯ ಬೆಂಚು

ಇವತ್ತಾದರೂ ಬಾಯಿಬಿಟ್ಟು ಹೇಳಿಬಿಡಲೇ, ಇಲ್ಲ ಇನ್ನೊಂದು ವಾರ ನೋಡಲೇ? ಕೆರೆ ದಂಡೆಯ ಖಾಲಿ ಕಲ್ಲುಬೆಂಚನ್ನು ವಾರಕ್ಕೊಂದರಂತೆ ವರ್ಷವಿಡೀ ಫೋಟೋ ತೆಗೆಯಬೇಕು, ಅದಕ್ಕೆ ‘ಮೌನ’ ಎಂದು ಹೆಸರಿಡಬೇಕು ಎಂಬುದು ಅವನ ಆಸೆ. ಮೂವತ್ತು ಭಾನುವಾರಗಳು ಕಳೆದಿದ್ದವು. ಮೂವತ್ತೂ ಫೋಟೋಗಳಲ್ಲಿ ಬೆಂಚಿನ ನಟ್ಟನಡುವೆ ಅದೇ ಹಿರಿಯರು ಬಾಯ್ತುಂಬ ನಗುತ್ತಾ ಕೂತಿದ್ದರು.

ಇವತ್ತೂ ಕೂತಿದ್ದರು. ಅವನು ಗಂಟಲು ಸರಿಮಾಡಿಕೊಂಡ.

“ಸಾರ್, ಒಂದು ಮಾತು...”

“ಬನ್ನಿ ಬನ್ನಿ, ಯಾಕೆ ಲೇಟು? ಬಿಸಿಲು ಮುಖಕ್ಕೇ ಬಂದ್ಬಿಡ್ತು. ಹೊಸ ಶರ್ಟು ಚೆನ್ನಾಗಿ ಕಾಣುತ್ತಾ?”

“ಕಾಣುತ್ತೆ. ಅದಲ್ಲ ಸಾರ್, ನಿಮಗೆ ದಿನಾ ಇಲ್ಲೇ ಕೂರೋ ಅಭ್ಯಾಸನಾ?”

“ಅಯ್ಯೋ, ಇಲ್ಲಪ್ಪ! ಈ ಕಲ್ಲಿನ ಮೇಲೆ ಯಾರು ಕೂರ್ತಾರೆ, ಸೊಂಟ ಹಿಡ್ಕೊಳ್ಳುತ್ತೆ. ಮೊದಲನೇ ವಾರ ಸುಸ್ತಾಗಿ ಕೂತಿದ್ದೆ, ನೀವು ಬಂದು ಫೋಟೋ ತೆಗೆದ್ರಿ. ಮತ್ತೆ ಬಂದಾಗ ಬೆಂಚು ಖಾಲಿ ಇದ್ರೆ ಪಾಪ, ನಿಮಗೆ ಬೇಜಾರಾಗಲ್ವಾ? ಅದಕ್ಕೇ ಪ್ರತಿ ಭಾನುವಾರ ಆಟೋ ಮಾಡ್ಕೊಂಡು ಬರ್ತೀನಿ. ಅದಿರ್ಲಿ, ಏನೋ ಒಂದು ಮಾತು ಅಂದ್ರಲ್ಲ?”

“ಮುಖ ಸ್ವಲ್ಪ ಎಡಕ್ಕೆ ತಿರುಗಿಸಿ ಸಾರ್,” ಎಂದ ಅವನು.

ತನಗೆ ಬೇಕಾಗಿದ್ದದ್ದು ಖಾಲಿ ಬೆಂಚು ಎಂದು ಅವನು ಕೊನೆಗೂ ಹೇಳಲಿಲ್ಲ.