ಹತ್ತನೆಯ ಸಹಿ

ಜೆರಾಕ್ಸ್ ಅಂಗಡಿಯಲ್ಲಿ ತಾಹೆರಾ ಹಾಳೆಗಳನ್ನು ಜೋಡಿಸುತ್ತಿದ್ದಳು. ಮೊದಲು ನಾಮಪತ್ರ, ಅದರ ಹಿಂದೆ ಪ್ರಮಾಣಪತ್ರ, ಕೊನೆಗೆ ಸೂಚಕರಾಗಿ ಸಹಿ ಹಾಕಿದ ಹತ್ತು ಜನರ ವೋಟರ್ ಕಾರ್ಡಿನ ಜೆರಾಕ್ಸ್. ಹತ್ತನೆಯದು ಅವಳದೇ ಕಾರ್ಡು. ಅದರ ಹಿಂಬದಿಯ ಸಣ್ಣ ಅಕ್ಷರಗಳನ್ನು ಓದಿದವಳು ಸ್ಟೇಪ್ಲರನ್ನು ಕೆಳಗಿಟ್ಟಳು. ‘ವಿಧಾನಸಭಾ ಕ್ಷೇತ್ರ: ಹೆಬ್ಬಾಳ.’ ಆರ್.ಟಿ. ನಗರದ ಮನೆ ಬಿಟ್ಟು, ಬೇರೆ ಕ್ಷೇತ್ರಕ್ಕೆ ಸೇರಿದ ಕೋಗಿಲಿಗೆ ಬಂದು ಎರಡು ವರ್ಷವಾಗಿತ್ತು. ಕಾರ್ಡನ್ನು ಯಾರೂ ಬದಲಾಯಿಸಿರಲಿಲ್ಲ.

ಅಂಗಡಿಯ ಬೆಂಚಿನ ಮೇಲೆ ಕೃಷ್ಣಯ್ಯ ಮೇಷ್ಟ್ರು ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ ಕೂತಿದ್ದರು. ಸೋಲದೇವನಹಳ್ಳಿಯ ಕಾಲೇಜಿನಲ್ಲಿ ಮೂವತ್ತು ವರ್ಷ ರಾಜ್ಯಶಾಸ್ತ್ರ ಹೇಳಿ ನಿವೃತ್ತರಾದವರು ಈ ಚುನಾವಣೆಗೆ ಪಕ್ಷೇತರರಾಗಿ ನಿಲ್ಲುತ್ತಿದ್ದರು. ಅರ್ಜಿ ಕೊಡಲು ಅಂದೇ ಕೊನೆ, ಮೂರು ಗಂಟೆಯೊಳಗೆ. ದೊಡ್ಡ ಪಾರ್ಟಿಯವರಿಗೆ ಒಬ್ಬ ಸೂಚಕ ಸಾಕು. ಪಕ್ಷೇತರನಿಗೆ ಅದೇ ಕ್ಷೇತ್ರದ ಹತ್ತು ಮತದಾರರು ಬೇಕು.

ಹೋದ ವಾರ ಅವರ ಕರಪತ್ರವನ್ನು ಟೈಪ್ ಮಾಡಿದವಳೂ ತಾಹೆರಾಳೇ. ಅಮೆರಿಕದಲ್ಲಿ ಎರಡೇ ಪಾರ್ಟಿ ಇವೆಯೆಂದು ಎಲ್ಲರೂ ತಿಳಿದಿದ್ದಾರೆ, ಆದರೆ ಪ್ರತಿ ಸಲವೂ ಮೂರನೆಯವನೊಬ್ಬ ನಿಲ್ಲುತ್ತಾನೆ, ಮತಪತ್ರದಲ್ಲಿ ಹೆಸರು ಬರಲು ಊರೂರು ಸುತ್ತಿ ಸಹಿ ಕೇಳುತ್ತಾನೆ, ಆಮೇಲೆ ಸೋಲುತ್ತಾನೆ ಎಂದು ಮೇಷ್ಟ್ರು ಹೇಳುತ್ತಿದ್ದರು. ಸೋಲುವುದಾದರೆ ಯಾಕೆ ನಿಲ್ಲಬೇಕು ಎಂಬ ಪ್ರಶ್ನೆ ಅವಳ ಬಾಯಿಯ ತನಕ ಬಂದು ನಿಂತಿತ್ತು. ಕೇಳಿದ್ದು ಅಂಗಡಿಯ ಮಾಲೀಕ ಜಾಫರ್.

“ಸಂವಿಧಾನದಲ್ಲಿ ಏನ್ ಬರ್ದಿದೆ ಅಂತ ಗೆದ್ದೋರು ಮರೀತಾರಪ್ಪಾ. ಜ್ಞಾಪಿಸೋಕೆ ಒಬ್ಬ ಬೇಕಲ್ಲ,” ಎಂದಿದ್ದರು ಮೇಷ್ಟ್ರು.

“ಆ ಅಮೆರಿಕದೋರು ಕೋಗಿಲಿಗೆ ಬಂದು ವೋಟ್ ಹಾಕ್ತಾರಾ ಸಾರ್?” ಎಂದು ಜಾಫರ್ ನಕ್ಕಿದ್ದ. ಮೇಷ್ಟ್ರೂ ನಕ್ಕಿದ್ದರು. ಹತ್ತನೆಯ ಸಹಿಗೆ ಅವರ ಸ್ವಂತ ತಮ್ಮನೇ ಒಪ್ಪದೆ ಹೋದಾಗ ತಾಹೆರಾಳ ಕಡೆ ತಿರುಗಿ, “ನೀವೂ ಒಬ್ರು ಮತದಾರರಲ್ವೇನಮ್ಮಾ?” ಎಂದು ಕೇಳಿದ್ದರು. ಅವಳನ್ನು ಯಾರೂ ಅದುವರೆಗೆ ‘ನೀವು’ ಎಂದಿರಲಿಲ್ಲ. ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟ ಮೇಲೆ ಅವಳು ಪೂರ್ತಿ ಹೆಸರು ಬರೆದದ್ದು ಅದೇ ಮೊದಲು.

ಈಗ ಸುಮ್ಮನಿದ್ದರೆ ಆ ಹೆಸರು ಅಲ್ಲೇ ಇರುತ್ತಿತ್ತು. ನಾಳೆ ಪರಿಶೀಲನೆಯಲ್ಲಿ ಮೇಷ್ಟ್ರ ಅರ್ಜಿ ಬಿದ್ದುಹೋಗುತ್ತಿತ್ತು. ಅವಳು ಕಾರ್ಡನ್ನು ಅವರ ಮುಂದಿಟ್ಟು ಆ ಸಾಲಿನ ಕೆಳಗೆ ಬೆರಳಿಟ್ಟಳು.

ಮೇಷ್ಟ್ರು ಓದಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ಓದಿದರು. “ನಾನೇ ನೋಡ್ಬೇಕಿತ್ತಮ್ಮಾ,” ಎಂದರು. ಸ್ಕೇಲು ಕೇಳಿ ಪಡೆದು, ಅವಳ ಹೆಸರಿನ ಮೇಲೆ ನೇರವಾಗಿ ಒಂದು ಗೆರೆ ಎಳೆದರು. ಗೋಡೆಯ ಗಡಿಯಾರದಲ್ಲಿ ಒಂದೂ ಮುಕ್ಕಾಲು. ಮೂವರಿಗೆ ಫೋನ್ ಮಾಡಿದರು. ಇಬ್ಬರು ಎತ್ತಲಿಲ್ಲ, ಮೂರನೆಯವನು ಸಂಜೆ ಬರುತ್ತೇನೆಂದ.

ಅವರು ಜಾಫರನತ್ತ ನೋಡಿದರು. ಅವನು ಪ್ರಿಂಟರಿನ ಮುಚ್ಚಳ ತೆಗೆದು ಮತ್ತೆ ಹಾಕಿದ. “ಸಾರ್, ದೊಡ್ ಪಾರ್ಟಿಯೋರ ಪಾಂಪ್ಲೆಟ್ ಎಲ್ಲಾ ನನ್ ಹತ್ರಾನೇ ಆಗೋದು. ನಿಮ್ಗೆ ಸಹಿ ಹಾಕಿದ್ರೆ ಎಲ್ಲಾ ಕಡೆಯೋರೂ ಬಂದ್ ಕೇಳ್ತಾರೆ. ಬೇಜಾರ್ ಮಾಡ್ಕೋಬೇಡಿ.”

ಮೇಷ್ಟ್ರು ತಲೆಯಾಡಿಸಿದರು. ಪೆನ್ನಿನ ಮುಚ್ಚಳ ಹಾಕಲಿಲ್ಲ.

ಕೌಂಟರಿನಾಚೆ ಜೆರಾಕ್ಸಿಗೆ ಆರು ಜನ ನಿಂತಿದ್ದರು. ಗಿರಾಕಿಗಳ ಜೊತೆ ತಾಹೆರಾ ಎಷ್ಟು ಕಾಪಿ ಎಂದು ಕೇಳಿದ್ದು ಬಿಟ್ಟರೆ ಬೇರೆ ಮಾತಾಡಿದವಳಲ್ಲ. ಅವಳು ಅರ್ಜಿ ಹಿಡಿದು ಆಚೆ ಬಂದು ಏನೋ ಹೇಳಿದಳು. ಮೆಷಿನ್ನಿನ ಸದ್ದಿನಲ್ಲಿ ಯಾರಿಗೂ ಕೇಳಿಸಲಿಲ್ಲ. ಹಿಂದಕ್ಕೆ ಹೋಗಿ ಸ್ವಿಚ್ ಆರಿಸಿದಳು.

“ಇಲ್ಲೇ ಕೋಗಿಲಲ್ಲಿ ವೋಟ್ ಇರೋರು ಯಾರಾದ್ರೂ ಇದ್ದೀರಾ?”

ಒಬ್ಬ ಫೋನ್ ತೆಗೆದ. ಇನ್ನೊಬ್ಬ ರಸ್ತೆಯ ಕಡೆ ನೋಡಿದ. ಮುಂದೆಯೇ ನಿಂತಿದ್ದ ಹೆಂಗಸು ಕೈಯಲ್ಲಿದ್ದ ವೋಟರ್ ಕಾರ್ಡನ್ನು ಮೆಲ್ಲನೆ ಸೆರಗಿನೊಳಗೆ ಸರಿಸಿಕೊಂಡಳು.

“ಒಂದೇ ಒಂದ್ ಸಹಿ ಬೇಕಿತ್ತು,” ಎಂದಳು ತಾಹೆರಾ.